ಭೂತದ ಮನೆಗೆ ಗೆಜ್ಜೆವಸ್ತ್ರ

ಪಟ್ಟೆ ಬೆಕ್ಕು ಮಂಚದ ಅಡಿಯಿಂದ ಹೊರಗೆ ಬರುತ್ತಿಲ್ಲ ಎಂದು ಮಗಳು ಬಂದು ಹೇಳಿದಾಗ ನಾನು ಏಣಿಯ ಮೇಲಿದ್ದೆ. ವರಾಂಡದ ಗ್ರಿಲ್ಲಿಗೆ ಜೇಡರಬಲೆಯ ಕೊನೆಯ ಎಳೆಗಳನ್ನು ಕಟ್ಟುತ್ತಿದ್ದೆ. ಮರುದಿನ ಸಂಜೆ ಹ್ಯಾಲೋವೀನ್. "ಹಸಿವಾದ್ರೆ ತಾನೇ ಬರುತ್ತೆ ಬಿಡೇ," ಎಂದು ಕೆಳಗೆ ನೋಡದೆಯೇ ಹೇಳಿದೆ. ಅವಳು ಹೋಗಲಿಲ್ಲ. ಏಣಿಯ ಕಾಲು ಹಿಡಿದುಕೊಂಡು ನಿಂತಳು.

"ಅಮ್ಮ, ಹೀ ಈಸ್ ನಾಟ್ ಈಟಿಂಗ್. ಸಿನ್ಸ್ ಯೆಸ್ಟರ್ಡೇ," ಎಂದಳು. ಸ್ವಲ್ಪ ತಡೆದು, "ಹೀ ಕೀಪ್ಸ್ ವಾಮಿಟಿಂಗ್," ಎಂದಳು.

ಆ ಮಾತು ಕಿವಿಗೆ ಬಿದ್ದರೂ ನಾನು ಇನ್ನೆರಡು ಗಂಟು ಹಾಕಿಯೇ ಇಳಿದೆ. ಬೆಕ್ಕು ವಾಂತಿ ಮಾಡುವುದು ಹೊಸದಲ್ಲ. ನಮ್ಮದು ಎರಡು ಬೆಕ್ಕುಗಳ ಮನೆ. ಕಪ್ಪು ಬೆಕ್ಕು ಸೋಮಾರಿ. ಸೋಫಾದಿಂದ ಊಟದ ತಟ್ಟೆಗೆ, ತಟ್ಟೆಯಿಂದ ಸೋಫಾಕ್ಕೆ, ಅದರ ಲೋಕ ಅಷ್ಟೇ. ಪಟ್ಟೆಯದಕ್ಕೆ ಮನೆಯಲ್ಲಿ ಯಾವ ಡಬ್ಬಿ ತೆರೆದರೂ ಮೂತಿ ಹಾಕಲೇಬೇಕು. ಕಣ್ಣು ಮುಚ್ಚಿ ಹಾಲು ಕುಡಿಯುವ ಜಾತಿಯೂ ಅಲ್ಲ. ಕಣ್ಣು ಬಿಟ್ಟುಕೊಂಡು, ನಮ್ಮ ಮುಖ ನೋಡುತ್ತಲೇ ಕುಡಿಯುತ್ತಿತ್ತು. ಮಗಳಿಗೆ ಅದೆಂದರೆ ಪ್ರಾಣ. ಅವಳ ಅಪ್ಪ ಎನ್‌ಜಿಓ ಕೆಲಸದ ಮೇಲೆ ನೈರೋಬಿ ಬಿಟ್ಟು ಉತ್ತರದ ತುರ್ಕಾನಾಕ್ಕೆ ಹೋದರೆ ವಾರಗಟ್ಟಲೆ ಬರುವುದಿಲ್ಲ. ಆಗೆಲ್ಲ ಅವಳು ರಾತ್ರಿ ಅದನ್ನು ಹೊದಿಕೆಯೊಳಗೆ ಸೇರಿಸಿಕೊಂಡು, ನನಗೆ ಹೇಳದ ಮಾತುಗಳನ್ನೆಲ್ಲ ಅದಕ್ಕೆ ಹೇಳುತ್ತಿದ್ದಳು.

ಹ್ಯಾಲೋವೀನಿಗೂ ನನಗೂ ಯಾವ ಜನ್ಮದ ಸಂಬಂಧವೂ ಇಲ್ಲ. ಇಲ್ಲಿಯವರಿಗೂ ಅದು ಅಷ್ಟೇನೂ ಹತ್ತಿರದ್ದಲ್ಲ. ಪಕ್ಕದ ಮನೆಯಾಕೆ ಚರ್ಚಿಗೆ ಹೊರಟಾಗ ನನ್ನ ವರಾಂಡ ನೋಡಿ ಶಿಲುಬೆಯ ಗುರುತು ಮಾಡಿಕೊಂಡದ್ದನ್ನು ನಾನು ಕಂಡಿದ್ದೇನೆ. ಆದರೆ ಶಾಲೆಯಿಂದ ಮಕ್ಕಳ ಬ್ಯಾಗಿನ ಜೊತೆ ಅದೂ ಮನೆಗೆ ಬಂತು. ನಾವಿರುವುದು ನೈರೋಬಿಯ ಸೌತ್ ಬಿ ಬಡಾವಣೆಯಲ್ಲಿ. ಒಂದೇ ಗೇಟಿನೊಳಗೆ ಸಾಲಾಗಿ ನಿಂತ ಮನೆಗಳ ಗುಂಪಿಗೆ ಇಲ್ಲಿ ಕೋರ್ಟ್ ಎನ್ನುತ್ತಾರೆ. ನಮ್ಮ ಕೋರ್ಟಿನ ಮಕ್ಕಳು ಆ ಸಂಜೆ ವೇಷ ಹಾಕಿಕೊಂಡು ಮನೆಮನೆಗೆ ಹೋಗಿ ಚಾಕೊಲೇಟ್ ಕೇಳುತ್ತಾರೆ. ಅಲಂಕಾರ ಮಾಡದ ಮನೆಗೆ ಹೋಗುವುದಿಲ್ಲ. ಹಿಂದಿನ ವರ್ಷ ನನಗೆ ಆ ನಿಯಮ ಗೊತ್ತಿರಲಿಲ್ಲ. ಮಗಳು ಒಂದು ಬಟ್ಟಲು ಚಾಕೊಲೇಟ್ ಇಟ್ಟುಕೊಂಡು ಬಾಗಿಲ ಹಿಂದೆ ಕಾದಳು. ಮಕ್ಕಳ ನಗು ನಮ್ಮ ಮನೆಯ ಮುಂದೆಯೇ ಹಾದು ಮುಂದಿನ ಮನೆಗೆ ಹೋಯಿತು. ಅವಳು ಅಳಲಿಲ್ಲ. ಬಟ್ಟಲನ್ನು ತಂದು ಫ್ರಿಜ್ಜಿನಲ್ಲಿಟ್ಟಳು. ಅವತ್ತೇ ನಾನು ನಿಶ್ಚಯ ಮಾಡಿದ್ದೆ, ಮುಂದಿನ ಸಲ ನಮ್ಮ ಮನೆಯನ್ನು ನೋಡದೆ ಯಾರೂ ದಾಟಬಾರದು ಎಂದು.

ಅಂಗಡಿಯ ಪ್ಲಾಸ್ಟಿಕ್ ದೆವ್ವಗಳನ್ನು ಕಂಡರೆ ನನಗಾಗುವುದಿಲ್ಲ. ಎಲ್ಲ ಕೈಯಲ್ಲೇ ಮಾಡೋಣ ಎಂದೆ. ಗಂಡನ ಹಳೆಯ ಬಿಳಿ ಪಂಚೆಗಳನ್ನು ಕತ್ತರಿಸಿ ದೆವ್ವ ಮಾಡಿದೆವು. ತೆಂಗಿನ ಚಿಪ್ಪಿಗೆ ಬಣ್ಣ ಬಳಿದು ಬುರುಡೆ ಮಾಡಿದೆವು. ಇಲ್ಲಿ ಮಾರ್ಕೆಟ್ಟಿನಲ್ಲಿ ಸಿಗುವುದು ಹಸಿರು ಸಿಪ್ಪೆಯ ಕುಂಬಳಕಾಯಿ. ಅದನ್ನೇ ಕೊರೆದು ಕಣ್ಣು ಹಲ್ಲು ಬಿಡಿಸಿದೆವು. ಒಳಗಿನ ತಿರುಳನ್ನು ಅತ್ತೆ ಹುಳಿ ಮಾಡಿದರು.

ಅತ್ತೆ ಮೈಸೂರಿನಿಂದ ಆಗಸ್ಟಿನಲ್ಲಿ ಬಂದಿದ್ದರು. ಬಂದ ಮೇಲೆ ಅವರಿಗೆ ಕೆಲಸವಿಲ್ಲ, ಮಾತಿಲ್ಲ. ಇಂಗ್ಲಿಷ್ ಬಾರದು, ಸ್ವಾಹಿಲಿಯಲ್ಲಿ ಸರಿ ಎನ್ನುವುದಕ್ಕೆ ಹೇಳುವ 'ಸವಾ' ಒಂದನ್ನು ಕಲಿತು ಎಲ್ಲದಕ್ಕೂ ಅದನ್ನೇ ಹೇಳುತ್ತಿದ್ದರು. ಮೊಮ್ಮಗಳಿಗೆ ಇವರ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು. ಆದರೆ ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತಿತ್ತು. ಅತ್ತೆ ಎರಡು ಸಲ "ಏನಂದೆ ಮಗು?" ಎಂದು ಕೇಳುತ್ತಿದ್ದರು, ಮೂರನೆಯ ಸಲ ಸುಮ್ಮನಾಗುತ್ತಿದ್ದರು. ಕಪ್ಪು ಬೆಕ್ಕು ಎದುರಿಗೆ ಬಂದರೆ ಅಲ್ಲೇ ಕೂತು ಒಂದು ಗುಟುಕು ನೀರು ಕುಡಿದು ಏಳುತ್ತಿದ್ದರು. ನಮ್ಮ ಮನೆಯಲ್ಲಿ ಅಡುಗೆಮನೆಯಿಂದ ಹಾಲ್‌ಗೆ ಬರುವುದರೊಳಗೆ ಅವರು ಅರ್ಧ ಚೊಂಬು ನೀರು ಕುಡಿದಿರುತ್ತಿದ್ದರು.

"ಹೊಸಿಲಿಗೆ ರಂಗೋಲಿ ಹಾಕೋರನ್ನ ನೋಡಿದೀನಿ, ದೆವ್ವ ಕಟ್ಟೋರನ್ನ ಇದೇ ನೋಡಿದ್ದು," ಎಂದು ಅವರು ಮೊದಮೊದಲು ಗೊಣಗಿದರು. ಆಮೇಲೆ ನಾನೂ ಮಗಳೂ ಹತ್ತಿಯ ಪ್ಯಾಕೆಟ್ ಬಿಚ್ಚಿಕೊಂಡು ಜೇಡರಬಲೆ ಎಳೆಯಲು ಒದ್ದಾಡುವುದನ್ನು ಅವರ ಕೈಲಿ ನೋಡಲಾಗಲಿಲ್ಲ. ಹತ್ತಿ ನಮ್ಮ ಕೈಯಲ್ಲಿ ಗಂಟುಗಂಟಾಗುತ್ತಿತ್ತು.

"ಹತ್ತಿ ಹಾಗಾ ಎಳಿಯೋದು? ಕೊಡಿಲ್ಲಿ," ಎಂದು ಕಸಿದುಕೊಂಡರು. "ಒಂದು ಬಟ್ಟಲಲ್ಲಿ ಚೂರು ಹಾಲು ತಗೊಂಬಾ ಪುಟ್ಟಿ."

ಗೆಜ್ಜೆವಸ್ತ್ರ ಮಾಡುವುದರಲ್ಲಿ ಅತ್ತೆಯದು ಎತ್ತಿದ ಕೈ. ಹಬ್ಬ ಬಂದರೆ ಅವರ ಬೀದಿಯ ಅರ್ಧ ಮನೆಗಳ ದೇವರುಗಳು ಅವರು ಮಾಡಿದ ಹತ್ತಿಯ ಹಾರವನ್ನೇ ಹಾಕಿಕೊಳ್ಳುತ್ತವೆ. ಬೆರಳ ತುದಿಯನ್ನು ಹಾಲಿನಲ್ಲಿ ಅದ್ದಿ, ಹತ್ತಿಯನ್ನು ಎಳೆದು, ಹೊಸೆದು, ನಡುನಡುವೆ ಗುಂಡು ಕೂರಿಸುತ್ತಾ ಹೋಗುತ್ತಾರೆ. ಮಗಳು ಹತ್ತಿರ ಸರಿದು ಕೂತಳು. ಆ ವಾರವೆಲ್ಲ ಶಾಲೆಯಿಂದ ಬಂದವಳೇ ಅಜ್ಜಿಯ ಪಕ್ಕದಲ್ಲಿ ಕಾಲು ಮಡಿಸಿ ಕೂರುತ್ತಿದ್ದಳು. "ಲೈಕ್ ದಿಸ್, ಅಜ್ಜಿ?" ಎಂದರೆ ಅಜ್ಜಿ "ಸವಾ" ಎನ್ನುತ್ತಿದ್ದರು. ಅವರಿಬ್ಬರ ನಡುವೆ ನಾನು ಅನುವಾದ ಮಾಡಬೇಕಾಗಿ ಬರಲಿಲ್ಲ. ಅಡುಗೆಮನೆಯಿಂದ ಅದನ್ನು ನೋಡಿ ನನಗೆ ಎಷ್ಟು ಸಂತೋಷವಾಗಿತ್ತೆಂದರೆ, ಒಲೆಯ ಮೇಲಿನ ಹಾಲು ಉಕ್ಕಿದ್ದೂ ತಿಳಿದಿರಲಿಲ್ಲ.

ಮೊದಲ ದಿನದ ಎಳೆಗಳು ಗಾಳಿಗೆ ತುಂಡುತುಂಡಾದವು. ಮರುದಿನದಿಂದ ತುಂಡಾಗಲಿಲ್ಲ. ಗ್ರಿಲ್ಲಿನಿಂದ ಬಾಗಿಲ ಚೌಕಟ್ಟಿನವರೆಗೆ ನಿಂತವು. ಅತ್ತೆಗೆ ದೊಡ್ಡ ಬಲೆಯ ಅಂದಾಜು ಸಿಕ್ಕಿತು ಎಂದುಕೊಂಡೆ. ಎರಡು ಬೆಕ್ಕುಗಳೂ ಆ ಕೆಲಸಕ್ಕೆ ಕಾವಲು ಕೂರುತ್ತಿದ್ದವು. ಕಪ್ಪು ಬೆಕ್ಕು ದೂರದಿಂದಲೇ ನೋಡುತ್ತಿತ್ತು. ಪಟ್ಟೆ ಬೆಕ್ಕು ಬಲೆಯನ್ನು ಮೂಸುತ್ತಿತ್ತು, ನೆಕ್ಕುತ್ತಿತ್ತು, ಪಂಜದಿಂದ ಎಳೆಯುತ್ತಿತ್ತು. ಹಾಲಿನ ವಾಸನೆ ಅದಕ್ಕೆ. ಗುರುವಾರ ಕೆಳಗಿನ ಒಂದೆರಡು ಎಳೆ ಕಾಣಲಿಲ್ಲ. "ಜೇಡಾನೇ ಬಂದು ತಿಂತೇನೋ," ಎಂದು ನಾನೇ ತಮಾಷೆ ಮಾಡಿದೆ. ಅತ್ತೆ ಬೇರೆ ಎಳೆ ಹೊಸೆದು ಕೊಟ್ಟರು.

ಆ ಶನಿವಾರ ಬೆಳಿಗ್ಗೆ ಏಣಿಯಿಂದ ಇಳಿದವಳು ಮಂಚದ ಕೆಳಗೆ ಬಗ್ಗಿದೆ. ಬೆಕ್ಕು ಗೋಡೆಗೆ ಬೆನ್ನು ಹಚ್ಚಿ ಮುದುಡಿ ಕೂತಿತ್ತು. ಕರೆದರೆ ಕಿವಿ ಅಲುಗಲಿಲ್ಲ. ಕೈ ಚಾಚಿ ಎಳೆದುಕೊಂಡೆ. ಪರಚಲಿಲ್ಲ. ಯಾವತ್ತೂ ನನ್ನ ಕೈಗೆ ಸಿಕ್ಕಿ ಪರಚದೆ ಬಿಟ್ಟ ಪ್ರಾಣಿಯಲ್ಲ ಅದು. ಆಗ ನನಗೆ ಹೆದರಿಕೆಯಾಯಿತು. ಮಾರ್ಕೆಟ್ಟಿನ ಬುಟ್ಟಿಯಲ್ಲಿ ಟವೆಲ್ ಹಾಸಿ ಅದನ್ನು ಮಲಗಿಸಿದೆ. ಮಗಳೂ ಅತ್ತೆಯೂ ಬುಟ್ಟಿಯನ್ನು ನಡುವೆ ಇಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತರು. ಅತ್ತೆ ಬರಬೇಕಾಗಿರಲಿಲ್ಲ. "ಮಗು ಒಬ್ಬಳೇ ಹಿಂದೆ ಹೇಗೆ ಕೂರ್ತಾಳೆ?" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟರು.

ನಮಗೆ ಗೊತ್ತಿದ್ದ ಪ್ರಾಣಿಗಳ ಆಸ್ಪತ್ರೆ ಲಂಗಾಟಾದಲ್ಲಿ. ಡಾಕ್ಟರ್ ಹೆಂಗಸು, ನಿಧಾನದ ಮಾತಿನವರು. ಹೊಟ್ಟೆ ಒತ್ತಿದರು, ಬಾಯಿ ತೆರೆಸಿ ನಾಲಗೆ ಎತ್ತಿ ಅದರ ಅಡಿ ನೋಡಿದರು. ಮೂರು ದಿನದಿಂದ ಏನು ತಿಂದಿತ್ತು ಎಂದು ಕೇಳಿದರು. ಹಬ್ಬದ ಅಲಂಕಾರದ ಹತ್ತಿ ತಿಂದಿರಬಹುದು ಎಂದೆ.

ಹತ್ತಿ ಮಾತ್ರವೇ, ಅದರಲ್ಲಿ ದಾರ, ಹುರಿ, ಉಣ್ಣೆ ಏನಾದರೂ ಇತ್ತೇ ಎಂದು ಕೇಳಿದರು. ಅದೇ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಇನ್ನೊಮ್ಮೆ ಕೇಳಿದರು. ಎರಡು ಸಲವೂ ನಾನು ಇಲ್ಲ ಎಂದೆ. ಬರೀ ಇಲ್ಲ ಎನ್ನಲಿಲ್ಲ, ವಿವರಣೆಯನ್ನೂ ಕೊಟ್ಟೆ. ಇದು ನಮ್ಮಲ್ಲಿ ದೇವರಿಗೆ ಮಾಡುವ ಹಾರದ ವಿಧಾನ, ಶುದ್ಧ ಹತ್ತಿ, ಅದರಲ್ಲಿ ದಾರ ಇರುವುದೇ ಇಲ್ಲ ಎಂದು ಜಂಬದಿಂದಲೇ ಹೇಳಿದೆ. ಅತ್ತೆ ನನ್ನ ಪಕ್ಕದಲ್ಲೇ ನಿಂತಿದ್ದರು. ಮಗಳು ಬೆಕ್ಕಿನ ಕಿವಿಯಲ್ಲಿ ಏನೋ ಪಿಸುಗುಟ್ಟುತ್ತಿದ್ದಳು. ಅತ್ತೆಯ ಕಡೆ ತಿರುಗಿ ಒಂದು ಮಾತು ಕೇಳಬೇಕೆಂದು ನನಗೆ ತೋಚಲಿಲ್ಲ.

ದಾರವಾಗಿದ್ದರೆ ತಡಮಾಡದೆ ಹೊಟ್ಟೆ ಕೊಯ್ಯಬೇಕಾಗುತ್ತಿತ್ತು, ಬರೀ ಹತ್ತಿಯಾದರೆ ತಾನಾಗಿ ಹೊರಗೆ ಹೋಗಬಹುದು ಎಂದರು ಡಾಕ್ಟರ್. ವಾಂತಿ ನಿಲ್ಲಲು ಇಂಜೆಕ್ಷನ್ ಕೊಟ್ಟು, ಚರ್ಮದ ಕೆಳಗೆ ಗ್ಲೂಕೋಸ್ ತರಹದ ನೀರು ಏರಿಸಿ, ನಾಳೆಯವರೆಗೆ ನೋಡಿ ಎಂದು ಕಳಿಸಿದರು. ಶನಿವಾರ ಮಧ್ಯಾಹ್ನದ ಮೇಲೆ ಬಾಗಿಲು ಹಾಕುತ್ತೇವೆ, ಹೆಚ್ಚಾದರೆ ಫೋನ್ ಮಾಡಿ ಎಂದು ನಂಬರ್ ಕೊಟ್ಟರು.

ವಾಪಸ್ಸು ಬರುವಾಗ ಮೊದಲು ದಾರಿ ಸುಲಭವಾಗಿತ್ತು. ಮನೆ ಹತ್ತಿರವಾಗುತ್ತಿದ್ದಂತೆ ಇಂಡಸ್ಟ್ರಿಯಲ್ ಏರಿಯಾ ಕಡೆಯ ಲಾರಿಗಳ ಸಾಲಿಗೆ ಸಿಕ್ಕಿಕೊಂಡೆವು. ಮುಂದೊಂದು ಮಟಾಟು ಮಿನಿಬಸ್ಸು, ಎರಡೂ ಬದಿಗೆ ಲಾರಿ. ಮಳೆ ಹನಿಯುತ್ತಿತ್ತು. ಬೆಕ್ಕು ಒಂದು ಸಲ ಸಣ್ಣಗೆ ಕೂಗಿತು, ಮತ್ತೆ ಸದ್ದಿಲ್ಲ.

"ಅಲ್ಲಿ ಏನೋ ಕೇಳಿದ್ರಲ್ಲ ಡಾಕ್ಟರಮ್ಮ, ನೀನು ಜೋರಾಗಿ ತಲೆ ಆಡಿಸ್ದೆ. ಏನದು?" ಎಂದರು ಅತ್ತೆ.

"ದಾರ ಏನಾದ್ರೂ ನುಂಗಿದ್ಯಾ ಅಂತ. ಇಲ್ಲ ಅಂದೆ."

ಕನ್ನಡಿಯಲ್ಲಿ ನೋಡಿದರೆ ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

"ದಾರ ಇದೆಯಲ್ಲೇ," ಎಂದರು.

"ಎಲ್ಲಿ?"

"ಹತ್ತಿ ಒಳಗೆ. ಬರೀ ಹತ್ತಿ ನಿಲ್ತಿರ್ಲಿಲ್ಲ, ಗಾಳಿಗೆ ಕಿತ್ತು ಕಿತ್ತು ಬರ್ತಿತ್ತು. ಮಗು ಮುಖ ಸಪ್ಪಗಾಯ್ತು. ಸೀರೆಗೆ ಫಾಲ್ ಹೊಲಿಯೋ ದಾರ ತಂದಿದ್ನಲ್ಲ, ಅದರ ಮೇಲೇ ಹತ್ತಿ ಹೊಸೆದೆ."

"ಗೆಜ್ಜೆವಸ್ತ್ರಕ್ಕೆ ಯಾರಾದ್ರೂ ದಾರ ಹಾಕ್ತಾರಾ ಅತ್ತೆ?" ನನ್ನ ದನಿ ನನಗೇ ಕಿರುಚಿದಂತೆ ಕೇಳಿತು.

"ದೇವರಿಗೆ ಹಾಕಲ್ಲ. ಇದು ದೆವ್ವಕ್ಕೆ ತಾನೇ ಅಂದ್ಕೊಂಡೆ," ಎಂದರು ಅವರು.

ಬೇರೆ ದಿನವಾಗಿದ್ದರೆ ಆ ಮಾತಿಗೆ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದೆ. ಮಗಳು ಬುಟ್ಟಿಯನ್ನು ಅಜ್ಜಿಯ ಪಕ್ಕದಿಂದ ಎಳೆದು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಬಾಗಿಲಿಗೆ ಒತ್ತಿಕೊಂಡು ಕೂತಳು.

ಆಸ್ಪತ್ರೆಗೆ ಫೋನ್ ಮಾಡಿದೆ, ಎತ್ತಲಿಲ್ಲ. ಗಂಡನಿಗೆ ಮಾಡಿದೆ, ನೆಟ್‌ವರ್ಕ್ ಇಲ್ಲ. ಮತ್ತೆ ಆಸ್ಪತ್ರೆಗೆ ಮಾಡಿದೆ. ಇನ್ನೇನು ಬಾಗಿಲು ಹಾಕುವ ಹೊತ್ತು. ಕಾರು ತಿರುಗಿಸಲು ಒಂದು ಮೊಳ ಜಾಗವಿಲ್ಲ. ಹಾರ್ನ್ ಹೊಡೆದೆ. ಇನ್ನೂ ಹೊಡೆದೆ. ಪಕ್ಕದ ಲಾರಿಯವನು ಮೇಲಿನಿಂದ ನನ್ನನ್ನು ನೋಡಿ ತನ್ನ ಹಾರ್ನ್ ಒತ್ತಿದ. ನಾನು ಕಿಟಕಿ ಇಳಿಸಿ, ಮಳೆಗೆ ತಲೆ ಹೊರಗೆ ಹಾಕಿ, ಮಟಾಟಿನ ಬಾಗಿಲಲ್ಲಿ ನೇತಾಡುತ್ತಿದ್ದ ಕಂಡಕ್ಟರನಿಗೆ ಕೂಗಿದೆ. ನನ್ನ ಸ್ವಾಹಿಲಿ ತರಕಾರಿ ಕೊಳ್ಳುವಷ್ಟೇ. "ಪಾಕಾ! ಪಾಕಾ ಅನಾಕುಫಾ!" ಬೆಕ್ಕು ಸಾಯುತ್ತಿದೆ ಎಂದು.

ಅವನು ಮೊದಲು ನಕ್ಕ. ನೈರೋಬಿಯ ಜಾಮಿನಲ್ಲಿ ಬೆಕ್ಕಿಗಾಗಿ ಅಳುವ ಇಂಡಿಯನ್ ಹೆಂಗಸನ್ನು ಕಂಡು ಯಾರಾದರೂ ನಗುತ್ತಾರೆ. ಆಮೇಲೆ ಹಿಂದಿನ ಕಿಟಕಿಯಲ್ಲಿ ಮಗಳ ಮುಖ ನೋಡಿದನೋ ಏನೋ, ಕೆಳಗೆ ಹಾರಿದ. ಲಾರಿಯ ಬದಿಗೆ ಕೈಯಿಂದ ದಬದಬ ಬಡಿದು ಹಿಂದೆ ಸರಿಸಿದ, ಎದುರಿನಿಂದ ಬರುವವರಿಗೆ ಅಡ್ಡ ನಿಂತ. ನಾನು ಡಿವೈಡರ್ ಮೇಲೆ ಒಂದು ಚಕ್ರ ಹತ್ತಿಸಿ ತಿರುಗಿಸಿದೆ. ಕಾರಿನ ಅಡಿ ಏನೋ ಕಿತ್ತುಬಂದ ಸದ್ದಾಯಿತು. ಥ್ಯಾಂಕ್ಸ್ ಹೇಳಲು ಅಸಾಂಟೆ ಎಂದು ಕೂಗಿದ್ದು ಅವನಿಗೆ ಕೇಳಿಸಿತೋ ಇಲ್ಲವೋ.

ಆ ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲಿ ಎಲ್ಲರನ್ನೂ ಬೈದೆ. ಕೇಳದೆ ದಾರ ಹಾಕಿದ ಅತ್ತೆಯನ್ನು, ತುರ್ಕಾನಾದಲ್ಲಿ ಕೂತ ಗಂಡನನ್ನು, ಅಲಂಕಾರವಿಲ್ಲದ ಮನೆಯನ್ನು ದಾಟಿಹೋಗುವ ಕೋರ್ಟಿನ ಮಕ್ಕಳನ್ನು. ಬೈಗುಳ ಸುತ್ತಿ ಸುತ್ತಿ ನನ್ನ ಹತ್ತಿರವೇ ಬರುತ್ತಿತ್ತು. ಪಕ್ಕದಲ್ಲೇ ನಿಂತಿದ್ದವರನ್ನು ಒಂದು ಮಾತು ಕೇಳಿದ್ದರೆ ಇಷ್ಟು ಹೊತ್ತಿಗೆ ಬೆಕ್ಕಿನ ಹೊಟ್ಟೆಯಿಂದ ದಾರ ಹೊರಗೆ ಬಂದಿರುತ್ತಿತ್ತು. ಹಿಂದಿನಿಂದ ಅತ್ತೆ ರಾಘವೇಂದ್ರಸ್ವಾಮಿಯನ್ನು ಕರೆಯುವುದು ಸಣ್ಣಗೆ ಕೇಳುತ್ತಿತ್ತು. "ಬೇಗ ಹೋಗೇ, ಬೇಗ ಹೋಗೇ," ಎಂದೂ ನಡುವೆ ಸೇರಿಸುತ್ತಿದ್ದರು. ಬೆಕ್ಕಿಗಾಗಿ ಅವರು ದೇವರನ್ನು ಕರೆದದ್ದು ಅದೇ ಮೊದಲಿರಬೇಕು.

ಆಸ್ಪತ್ರೆಯ ಗೇಟು ಮುಚ್ಚುತ್ತಿತ್ತು. ಡಾಕ್ಟರ್ ಆಗಲೇ ಕಾರಿನಲ್ಲಿ ಕೂತಿದ್ದರು. ನಾನು ನನ್ನ ಕಾರನ್ನು ಅವರ ಕಾರಿಗೆ ಅಡ್ಡ ನಿಲ್ಲಿಸಿದೆ. ಇಳಿದು ಓಡಿ, ದಾರ ಇದೆ, ನನಗೆ ಗೊತ್ತಿರಲಿಲ್ಲ, ದಾರ ಇದೆ ಎಂದೆ. ಅವರು ಇಳಿದು ಬುಟ್ಟಿ ತೆಗೆದುಕೊಂಡು ಒಳಗೆ ಹೋದರು.

ನಾವು ಬೆಂಚಿನ ಮೇಲೆ ಕೂತೆವು. ಒಂದು ತುದಿಗೆ ಮಗಳು, ಇನ್ನೊಂದು ತುದಿಗೆ ಅತ್ತೆ, ನಡುವೆ ನಾನು. ಗೋಡೆಯ ಮೇಲೆ ನಾಯಿಮರಿಗಳ ಕ್ಯಾಲೆಂಡರ್ ಇತ್ತು. ಮಗಳು ಅದನ್ನೇ ನೋಡುತ್ತಿದ್ದಳು. ಅತ್ತೆ ಒಂದು ಸಲ ನನ್ನ ಹಿಂದಿನಿಂದ ಕೈ ಚಾಚಿ ಅವಳ ಜಡೆ ಮುಟ್ಟಲು ಹೋದರು. ಅವಳು ಕತ್ತು ಸರಿಸಿಕೊಂಡಳು. ಅತ್ತೆ ಕೈ ಹಿಂತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡರು. ಆ ಕೈಗಳನ್ನು ನೋಡಲು ನನಗೂ ಆಗಲಿಲ್ಲ.

"ನಂಗೆ ಇಂಗ್ಲಿಷ್ ಬಂದಿದ್ರೆ ಆಗ್ಲೇ ಹೇಳ್ತಿದ್ದೆ," ಎಂದು ಅವರು ಯಾರಿಗೂ ಅಲ್ಲದಂತೆ ಹೇಳಿದರು. ಬದುಕಲಿ, ಇದೊಂದು ಬದುಕಲಿ, ಹಬ್ಬವೂ ಬೇಡ ಯಾರೂ ಬರುವುದೂ ಬೇಡ ಎಂದು ಒಳಗೊಳಗೇ ಹೇಳಿಕೊಳ್ಳುತ್ತಿದ್ದೆ. ಯಾರಿಗೆ ಹೇಳುತ್ತಿದ್ದೆನೋ ಗೊತ್ತಿಲ್ಲ.

ಡಾಕ್ಟರ್ ಹೊರಗೆ ಬಂದದ್ದು ಮಳೆ ನಿಂತ ಮೇಲೆ. ಅವರು ಮಾಸ್ಕ್ ತೆಗೆದ ರೀತಿಯಲ್ಲೇ ನನಗೆ ತಿಳಿಯಿತು. ಆದರೂ ಅವರು ಪೂರ್ತಿ ಹೇಳುವವರೆಗೆ ಕೇಳಿದೆ. ದಾರದ ಒಂದು ತುದಿ ಹೊಟ್ಟೆಯಲ್ಲಿ ಸಿಕ್ಕಿಕೊಂಡಿತ್ತು. ಇನ್ನೊಂದು ತುದಿಯನ್ನು ಕರುಳು ಮುಂದೆ ಎಳೆಯುತ್ತಾ ಹೋಗಿತ್ತು. ಲಂಗದ ಲಾಡಿ ಎಳೆದರೆ ನೆರಿಗೆ ಕೂಡಿಕೊಳ್ಳುವಂತೆ ಕರುಳೆಲ್ಲ ಕೂಡಿಕೊಂಡು, ಹಲವು ಕಡೆ ಹರಿದಿತ್ತು. ಬೆಳಿಗ್ಗೆಯೇ ತಿಳಿದಿದ್ದರೆ ಬಹುಶಃ ಎಂದು ಶುರುಮಾಡಿದವರು ಮಗಳನ್ನು ನೋಡಿ ಆ ವಾಕ್ಯವನ್ನು ಮುಗಿಸಲಿಲ್ಲ. "ಪೋಲೆ ಸಾನಾ," ಎಂದರು. ಇಲ್ಲಿ ಎಲ್ಲ ಸಂಕಟಕ್ಕೂ ಹೇಳುವ ಮಾತು ಅದು.

ಮಗಳು ನನ್ನ ಸೊಂಟಕ್ಕೆ ಮುಖ ಒತ್ತಿ ಅತ್ತಳು. ಹೋದ ವರ್ಷದ ಅಳುವನ್ನೂ ಸೇರಿಸಿ ಅಳುತ್ತಿದ್ದಾಳೆ ಎನಿಸಿತು. ಅತ್ತೆ ಎದ್ದು ನಿಂತಿದ್ದರು. ಬೆಕ್ಕು ಉಳಿಯಲಿಲ್ಲ ಎನ್ನುವುದನ್ನು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಏನಂದ್ರು?" ಎಂದು ನನ್ನನ್ನು ಕೇಳಿದರು. "ದಾರದಿಂದ್ಲೇನಾ?"

ಹೌದು ಎನ್ನಲು ನಾನು ಬಾಯಿ ತೆರೆದೆ. ಅವರ ಮೇಲೆ ಕರುಣೆ ಬಂತು ಎಂದು ಬರೆದರೆ ಅದು ಸುಳ್ಳು. ನನ್ನ ಮೈತುಂಬ ಸಿಟ್ಟಿತ್ತು. ಅದನ್ನು ಇಳಿಸಲು ಒಂದು ಜಾಗ ಬೇಕಿತ್ತು, ಆ ಜಾಗ ಎದುರಿಗೇ ನಿಂತು ಕೇಳುತ್ತಿತ್ತು.

ಮಗಳು ನನ್ನ ಸೊಂಟದಿಂದ ಮುಖ ಎತ್ತಿದಳು. ಡಾಕ್ಟರ್ ಹೇಳಿದ್ದು ಅವಳಿಗೆ ಅರ್ಥವಾಗಿತ್ತು. ಕಾರಿನಲ್ಲಿ ಅಜ್ಜಿ ಹೇಳಿದ್ದೂ ಅರ್ಥವಾಗಿತ್ತು. ಮೂಗೊರೆಸಿಕೊಂಡು, ನನ್ನನ್ನು ಬಿಟ್ಟು ಅಜ್ಜಿಯ ಮುಂದೆ ಹೋಗಿ ನಿಂತಳು. ಒಂದೊಂದೇ ಪದ ಹುಡುಕಿ ತೆಗೆದು ಕನ್ನಡದಲ್ಲಿ ಹೇಳಿದಳು.

"ದಾರ ಅಲ್ಲ ಅಜ್ಜಿ. ಬೆಕ್ಕಿಗೆ... ತುಂಬ ವಯಸ್ಸು ಆಗಿತ್ತು. ಡಾಕ್ಟರ್ ಹಾಗೆ ಹೇಳಿದ್ರು."

ಅತ್ತೆ ಅವಳ ಮುಖವನ್ನೇ ನೋಡಿದರು. "ಹೌದಾ ಕಂದ," ಎಂದರು.

ಅಂಗೈಯಗಲ ಮರಿಯಾಗಿದ್ದಾಗ ವಿಡಿಯೋ ಕಾಲಿನಲ್ಲಿ ಆ ಬೆಕ್ಕನ್ನು ಮಗಳು ಎಲ್ಲರಿಗಿಂತ ಮೊದಲು ತೋರಿಸಿದ್ದು ಅಜ್ಜಿಗೇ. ಅದಾಗಿ ಎರಡು ವರ್ಷವೂ ತುಂಬಿರಲಿಲ್ಲ. ಅತ್ತೆ ನನ್ನನ್ನು ಮತ್ತೆ ಏನೂ ಕೇಳಲಿಲ್ಲ.